ಪೀಡೆನಾಶಕಗಳ ಜಲವಿಷತ್ವ: ಮಂಗಳೂರು ಸೀಮೆ

ಪೀಡೆನಾಶಕಗಳ ಜಲವಿಷತ್ವ ಎಂದರೆ, ಬೆಳೆಯ ರಕ್ಷಣೆಗೆ ಅಥವಾ ಸೊಳ್ಳೆಯ ನಾಶಕ್ಕೆ ಬಳಸಿದ ರಾಸಾಯನಿಕವು ನೀರನ್ನು ಸೇರಿ, ಅಲ್ಲಿನ ಮೀನು, ಸಿಗಡಿ, ಏಡಿ, ಚಿಪ್ಪುಜೀವಿ, ಕೀಟದ ಮರಿ, ಪಾಚಿ ಮೊದಲಾದವನ್ನು ಕೊಲ್ಲುವ, ಇಲ್ಲವೇ ಕೊಲ್ಲದೆಯೂ ಅವುಗಳ ಉಸಿರಾಟ, ಚಲನೆ, ಬೆಳವಣಿಗೆ, ಸಂತಾನಶಕ್ತಿಯನ್ನು ಕುಂದಿಸುವ ಸಾಮರ್ಥ್ಯ. ಇದನ್ನು ಅಭ್ಯಸಿಸುವ ಶಾಖೆ ಜಲವಿಷಶಾಸ್ತ್ರ. ಭಾರತದ ವಿಶ್ವವಿದ್ಯಾಲಯಗಳಲ್ಲಿ ಇದು ಹೆಚ್ಚಾಗಿ ಪ್ರಾಣಿಶಾಸ್ತ್ರ ಮತ್ತು ಮೀನುಗಾರಿಕಾ ವಿಭಾಗಗಳಲ್ಲಿ ಬೆಳೆದಿದೆ. ಈ ಲೇಖನದಲ್ಲಿ ಪೀಡೆನಾಶಕ ಎಂಬುದು ಕೀಟನಾಶಕ, ಶಿಲೀಂಧ್ರನಾಶಕ, ಕಳೆನಾಶಕ ಮೂರಕ್ಕೂ ಸಾಮಾನ್ಯ ಹೆಸರು. ಮಂಗಳೂರು ಸೀಮೆ ಎಂದರೆ ಮಂಗಳೂರು ನಗರ, ನೇತ್ರಾವತಿ ಮತ್ತು ಗುರುಪುರ ನದಿಗಳ ಜಲಾನಯನ ಪ್ರದೇಶ ಹಾಗೂ ಅದಕ್ಕೆ ಅಂಟಿಕೊಂಡಿರುವ ಕಾಸರಗೋಡಿನ ಗಡಿಭಾಗ. ರಾಜ್ಯದ ಗಡಿ ಇವುಗಳ ನಡುವೆ ಹಾದುಹೋದರೂ ಮಣ್ಣು, ಮಳೆ, ಬೆಳೆ ಒಂದೇ. ಒಂದು ವಸ್ತು ಎಷ್ಟು ವಿಷಕಾರಿ ಎಂಬುದಕ್ಕೆ ಸ್ಥಿರವಾದ ಉತ್ತರವಿಲ್ಲ. ಯಾವ ನೀರಿನಲ್ಲಿ, ಯಾವ ತಿಂಗಳಲ್ಲಿ, ಯಾವ ಜೀವಿಗೆ ಎಂಬುದನ್ನು ಸೇರಿಸಿಯೇ ಉತ್ತರ ಹೇಳಬೇಕಾಗುತ್ತದೆ. ಈ ಸೀಮೆಯ ಶತಮಾನದಷ್ಟು ಹಳೆಯ ಸಿಂಪಡಣೆಯ ಅನುಭವ ಈ ಮಾತಿಗೆ ಒಳ್ಳೆಯ ಪುರಾವೆ.

ಹಿನ್ನೆಲೆ

ಹೊಳೆಯಲ್ಲಿ ವಿಷ ಬಳಸುವುದು ಆಧುನಿಕ ಕೃಷಿಯೊಂದಿಗೆ ಆರಂಭವಾದದ್ದಲ್ಲ. ಕಾರೆಕಾಯಿಯಂಥ ಕಾಡುಕಾಯಿಗಳನ್ನು ಜಜ್ಜಿ ಬೇಸಿಗೆಯ ಮಡುವಿಗೆ ಬೆರೆಸಿ ಮೀನು ಹಿಡಿಯುವ ರೂಢಿ ಪಶ್ಚಿಮಘಟ್ಟದ ಇಕ್ಕೆಲದಲ್ಲೂ ಹಳೆಯದು. ಮುಂದೆ ಆ ಜಾಗಕ್ಕೆ ತೋಟದ ಮನೆಯಲ್ಲಿ ಸುಲಭವಾಗಿ ಸಿಗುವ ಮೈಲುತುತ್ತು, ಬ್ಲೀಚಿಂಗ್ ಪುಡಿ ಬಂದವು. ತಾಮ್ರದ ಲವಣ ಮೀನನ್ನು ಕೊಲ್ಲುತ್ತದೆ ಎಂಬುದು ಹಳ್ಳಿಗರಿಗೆ ಪ್ರಯೋಗಾಲಯವಿಲ್ಲದೆಯೇ ತಿಳಿದಿತ್ತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಶಿಶಿಲೇಶ್ವರ ದೇವಸ್ಥಾನದ ಬಳಿ ಕಪಿಲಾ ಹೊಳೆಯಲ್ಲಿ ಸಾಕಿಕೊಂಡು ಬಂದ ದೇವರ ಮೀನುಗಳು 1996ರಲ್ಲಿ ಕಿಡಿಗೇಡಿಗಳು ಬೆರೆಸಿದ ವಿಷಕ್ಕೆ ಸಿಕ್ಕಿ ರಾಶಿರಾಶಿಯಾಗಿ ಸತ್ತವು. ಅವುಗಳ ನೆನಪಿಗೆ ಅಲ್ಲಿ ಸ್ಮಾರಕವೂ ಇದೆ. ಇಂಥ ಸಾವು ಕಣ್ಣಿಗೆ ಬೀಳುತ್ತದೆ, ಸುದ್ದಿಯಾಗುತ್ತದೆ. ಜಲವಿಷಶಾಸ್ತ್ರದ ಮುಖ್ಯ ಕೆಲಸ ಇರುವುದು ಹೆಣ ತೇಲದ ನೀರಿನಲ್ಲಿ.

ಶಾಸ್ತ್ರವಾಗಿ ಇದು ರೂಪುಗೊಂಡದ್ದು ಎರಡನೆಯ ಮಹಾಯುದ್ಧದ ನಂತರ. ಡಿಡಿಟಿಯ ಕೀಟನಾಶಕ ಗುಣವನ್ನು ಪೌಲ್ ಮುಲ್ಲರ್ 1939ರಲ್ಲಿ ಕಂಡುಕೊಂಡು 1948ರಲ್ಲಿ ನೊಬೆಲ್ ಪಡೆದರು. ಅದರ ಹತ್ತಿರದ ಬಂಧುವಾದ ಡಿಡಿಡಿಯನ್ನು ಕ್ಯಾಲಿಫೋರ್ನಿಯದ ಕ್ಲಿಯರ್ ಲೇಕ್ ಸರೋವರಕ್ಕೆ 1949ರಿಂದ 1957ರ ನಡುವೆ ಮೂರು ಬಾರಿ ನುಸಿಯ ನಾಶಕ್ಕಾಗಿ ಹಾಕಲಾಯಿತು. ನೀರಿನಲ್ಲಿ ಹತ್ತು ಲಕ್ಷಕ್ಕೆ 0.02 ಭಾಗದಷ್ಟಿದ್ದ ವಸ್ತು ಮೀನು ತಿನ್ನುವ ಗ್ರೀಬ್ ಹಕ್ಕಿಯ ಕೊಬ್ಬಿನಲ್ಲಿ 1,600 ಭಾಗಕ್ಕೆ ಏರಿತ್ತು. ರೇಚಲ್ ಕಾರ್ಸನ್ 1962ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ ಮೇಲೆ, ನೀರಿನಲ್ಲಿ ಕಡಿಮೆ ಇದೆ ಎಂಬ ಮಾತೊಂದೇ ಸುರಕ್ಷತೆಗೆ ಸಾಕ್ಷಿಯಾಗದಾಯಿತು. ಭಾರತದಲ್ಲಿ 1968ರ ಕೀಟನಾಶಕ ಕಾಯ್ದೆ ಮತ್ತು 1971ರ ನಿಯಮಗಳು ನೋಂದಣಿಯನ್ನು ಕಡ್ಡಾಯಗೊಳಿಸಿದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಮಂಗಳೂರಿನಲ್ಲಿ ಓದುವ, ಅಳೆಯುವ ಸಂಸ್ಥೆಗಳು ನೆಲೆಯಾದವು. ಕೊಣಾಜೆಯಲ್ಲಿ ಮೈಸೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ 1968ರಲ್ಲಿ ತೆರೆದು 1980ರಲ್ಲಿ ಮಂಗಳೂರು ವಿಶ್ವವಿದ್ಯಾಲಯವಾಯಿತು. ದೇಶದ ಮೊದಲ ಮೀನುಗಾರಿಕಾ ಕಾಲೇಜು 1969ರಲ್ಲಿ ಮಂಗಳೂರಿನಲ್ಲೇ ಆರಂಭವಾಯಿತು. ಈಗ ಅದು ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿದೆ.

ಸೀಮೆಯ ನೀರಿನ ಸ್ವರೂಪ

ನೇತ್ರಾವತಿ ಕುದುರೆಮುಖದ ಆಸುಪಾಸಿನ ಘಟ್ಟದಲ್ಲಿ ಹುಟ್ಟಿ, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ತುಂಬೆಯ ಅಣೆಕಟ್ಟಿನಲ್ಲಿ ಮಂಗಳೂರಿಗೆ ಕುಡಿಯುವ ನೀರು ಕೊಟ್ಟು, ಉಳ್ಳಾಲ ಮತ್ತು ಬೆಂಗ್ರೆಯ ನಡುವೆ ಗುರುಪುರ ನದಿಯ ಜೊತೆ ಒಂದೇ ಅಳಿವೆಯಲ್ಲಿ ಕಡಲು ಸೇರುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಅದರ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಇಷ್ಟು ಮಳೆ ಸಾವಿರಾರು ವರ್ಷ ತೊಳೆದ ಮುರಕಲ್ಲಿನ ನೆಲದಲ್ಲಿ ಸುಣ್ಣದಂಶ ಉಳಿದಿಲ್ಲ. ಹಾಗಾಗಿ ತೋಡು, ಬಾವಿ, ಸುರಂಗಗಳ ನೀರು ಮೃದು, ಬಹುಕಡೆ ತುಸು ಹುಳಿ. ಬಯಲುಸೀಮೆಯ ಕೊಳವೆಬಾವಿ ನೀರು ಪಾತ್ರೆಯ ತಳದಲ್ಲಿ ಬಿಳಿ ಪೊರೆ ಕಟ್ಟುವಷ್ಟು ಗಡಸು. ಇಲ್ಲಿಯದು ಅದಕ್ಕೆ ತದ್ವಿರುದ್ಧ. ಮುಂದೆ ಹೇಳುವ ಎಲ್ಲದಕ್ಕೂ ಈ ಒಂದು ವ್ಯತ್ಯಾಸವೇ ತಳಹದಿ.

ಭೂಮಿಯ ಏರಿಳಿತವೂ ಲೆಕ್ಕಕ್ಕೆ ಬರುತ್ತದೆ. ಗುಡ್ಡದ ನೆತ್ತಿಯಲ್ಲಿ ಗೇರು ಮತ್ತು ರಬ್ಬರ್, ಇಳಿಜಾರಿನಲ್ಲಿ ಮನೆ, ಬುಡದಲ್ಲಿ ಅಡಿಕೆ ತೋಟ, ತೋಟದ ನಡುವೆ ತೋಡು, ಕೆಳಗೆ ಬೈಲುಗದ್ದೆ. ಮೇಲೆ ಬಿದ್ದದ್ದೆಲ್ಲ ಕೆಳಗಿನ ನೀರಿಗೆ ಇಳಿಯುವ ರಚನೆ ಇದು. ಡಿಸೆಂಬರ್ ಹೊತ್ತಿಗೆ ತೋಡಿಗೆ ಕಟ್ಟ ಹಾಕಿ ನೀರು ನಿಲ್ಲಿಸುವುದರಿಂದ ಬೇಸಿಗೆಯಲ್ಲಿ ಹರಿವು ನಿಂತು, ಕೆಸರು ತಳದಲ್ಲಿ ಸೇರುತ್ತದೆ. ಮೊದಲ ಮಳೆಯ ಹೊತ್ತಿಗೆ ಆ ಕೆಸರು ಕದಡುತ್ತದೆ. ಸರಿಯಾಗಿ ಅದೇ ದಿನಗಳಲ್ಲಿ ಹೊಳೆಯ ಮೀನು ಮೊಟ್ಟೆಯಿಡಲು ತೋಡು, ಗದ್ದೆಗಳ ಕಡೆಗೆ ಏರುತ್ತದೆ. ಜನ ಇದನ್ನು ಹತ್ತುಮೀನು ಎನ್ನುತ್ತಾರೆ. ಮೀನಿನ ಬಾಳಿನಲ್ಲಿ ಅತಿ ನಾಜೂಕಾದ ಘಟ್ಟ ಮೊಟ್ಟೆ ಮತ್ತು ಮರಿ. ಆ ಘಟ್ಟ ಸಿಂಪಡಣೆಯ ಕಾಲದ ಪಕ್ಕದಲ್ಲೇ ಬೀಳುತ್ತದೆ.

ವಿಷತ್ವದ ಅಳತೆ ಮತ್ತು ಸಂಶೋಧನೆಯ ದಾರಿ

ಔಷಧಗಳ ಬಲವನ್ನು ಹೋಲಿಸಲು ಜೆ. ಡಬ್ಲ್ಯು. ಟ್ರೆವನ್ 1927ರಲ್ಲಿ ಸೂಚಿಸಿದ ಅರ್ಧಮಾರಕ ಪ್ರಮಾಣವೇ ಮುಂದೆ ನೀರಿಗೆ ಅನ್ವಯವಾಗಿ ಅರ್ಧಮಾರಕ ಸಾಂದ್ರತೆ ಎನಿಸಿತು. ಮೀನುಗಳ ಗುಂಪನ್ನು ಬೇರೆಬೇರೆ ಪ್ರಮಾಣದ ವಿಷವಿರುವ ತೊಟ್ಟಿಗಳಲ್ಲಿಟ್ಟು, 96 ಗಂಟೆಗಳಲ್ಲಿ ಅರ್ಧದಷ್ಟು ಸಾಯುವ ಸಾಂದ್ರತೆಯನ್ನು ಲೆಕ್ಕಹಾಕುವುದು ಇದರ ಕ್ರಮ. ಕರ್ನಾಟಕದ ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಈ ವಿಷಯ ಹಿಡಿದ ಪ್ರಾಧ್ಯಾಪಕರೊಬ್ಬರ ವೃತ್ತಿಜೀವನ ಸಾಮಾನ್ಯವಾಗಿ ಇಲ್ಲಿಂದಲೇ ಹೊರಡುತ್ತದೆ. ಮೊದಲು ಒಂದು ಪೀಡೆನಾಶಕ, ಒಂದು ಮೀನು, ಒಂದು ಸಂಖ್ಯೆ. ಅನಂತರ ಆ ಸಂಖ್ಯೆಯ ಹತ್ತನೆಯ ಒಂದು, ಇಪ್ಪತ್ತನೆಯ ಒಂದು ಪಾಲಿನಲ್ಲಿ ಮೀನನ್ನು ವಾರಗಟ್ಟಲೆ ಇಟ್ಟು, ಕಿವಿರು, ಯಕೃತ್ತು, ಮೂತ್ರಪಿಂಡಗಳ ತೆಳುಪದರಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು. ಆಮ್ಲಜನಕದ ಬಳಕೆ, ಮಿದುಳಿನ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವ, ರಕ್ತದ ಸಕ್ಕರೆಯನ್ನು ಅಳೆಯುವುದು. ಇತ್ತೀಚಿನ ದಶಕಗಳಲ್ಲಿ ಉತ್ಕರ್ಷಣ ಒತ್ತಡ ಮತ್ತು ಡಿಎನ್‌ಎ ಹಾನಿಯ ಪರೀಕ್ಷೆಗಳು ಇದಕ್ಕೆ ಸೇರಿವೆ. ಸಾವಿನಿಂದ ಹೊರಟು ಅಸ್ವಾಸ್ಥ್ಯದ ಕಡೆಗೆ ಸಾಗುವ ಈ ದಾರಿ ಸರಿಯಾದುದೇ.

ಕೊರತೆ ಇರುವುದು ಬೇರೆ ಕಡೆ. ಪ್ರಯೋಗಕ್ಕೆ ಹೆಚ್ಚಾಗಿ ಒದಗುವುದು ಮೀನುಮರಿ ಕೇಂದ್ರದಿಂದ ತರುವ ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ, ಇಲ್ಲವೇ ಮಾರುಕಟ್ಟೆಯಲ್ಲಿ ಜೀವಂತ ಸಿಗುವ ಕೊರವ, ಚೇಳುಮೀನು. ರೋಹು, ಕಾಟ್ಲಾಗಳು ಗಂಗಾ ಬಯಲಿನವು. ಪಶ್ಚಿಮಕ್ಕೆ ಹರಿಯುವ ನದಿಗಳ ಮೂಲ ನಿವಾಸಿಗಳಲ್ಲ. ಕೊರವ, ಚೇಳುಮೀನುಗಳು ನೀರಿನ ಮೇಲೆ ಬಂದು ಗಾಳಿ ಗುಟುಕಿಸಬಲ್ಲ ಗಟ್ಟಿ ಜಾತಿಗಳು. ಕಿವಿರು ಕೆಟ್ಟರೂ ಬದುಕುವ ದಾರಿ ಅವಕ್ಕಿದೆ. ಅವು ತಾಳಿಕೊಂಡ ಪ್ರಮಾಣವನ್ನು ಘಟ್ಟದ ತೊರೆಯ ಸಣ್ಣ ಮೀನೂ ತಾಳಿಕೊಂಡೀತೆಂದು ಹೇಳಲಾಗದು. ಪರೀಕ್ಷೆಯ ನೀರಿನ ಮಾತೂ ಹಾಗೆಯೇ. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಓಇಸಿಡಿ 203ನೆಯ ಮಾರ್ಗಸೂಚಿ ಲೀಟರಿಗೆ 10ರಿಂದ 250 ಮಿಲಿಗ್ರಾಂವರೆಗಿನ ಗಡಸುತನವನ್ನು ಒಪ್ಪುತ್ತದೆ. ಇದರ ಒಂದು ತುದಿ ಮುರಕಲ್ಲಿನ ತೋಡು, ಇನ್ನೊಂದು ತುದಿ ಬಯಲುಸೀಮೆಯ ಕೊಳವೆಬಾವಿ. ಒಂದೇ ನಿಯಮದ ಅಡಿಯಲ್ಲಿ ಎರಡು ಕಡೆ ನಡೆದ ಪರೀಕ್ಷೆಗಳು ಬೇರೆಬೇರೆ ಸಂಖ್ಯೆ ಕೊಟ್ಟರೆ ತಪ್ಪು ಯಾರದೂ ಅಲ್ಲ. ನೀರಿನ ವಿವರ ಬಿಟ್ಟು ಸಂಖ್ಯೆಯನ್ನು ಮಾತ್ರ ಎತ್ತಿಕೊಳ್ಳುವುದು ತಪ್ಪು.

ಮೈಲುತುತ್ತು ಮತ್ತು ಅಡಿಕೆ ತೋಟ

ಈ ಸೀಮೆಯಲ್ಲಿ ಬಹುಕಾಲದಿಂದ, ಬಹು ವಿಸ್ತಾರದಲ್ಲಿ ಬಳಕೆಯಾದ ಪೀಡೆನಾಶಕ ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿಯ ರೋಗಕ್ಕೆ ಬಳಕೆಗೆ ತಂದ ಇದನ್ನು, ಮೈಸೂರು ಸಂಸ್ಥಾನದ ಸೇವೆಯಲ್ಲಿದ್ದ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗಕ್ಕೆ ಪ್ರಯೋಗಿಸಿ 1910ರಲ್ಲಿ ವರದಿ ಪ್ರಕಟಿಸಿದರು. ಅದಕ್ಕೆ ಮುಂಚೆ ಮಲೆನಾಡಿನಲ್ಲಿ ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಾಗದಂತೆ ಕಾಯುತ್ತಿದ್ದರು. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ದಕ್ಷಿಣ ಕನ್ನಡಕ್ಕೂ ಬೋರ್ಡೋ ಸಿಂಪಡಣೆಯ ಪದ್ಧತಿ ಹಬ್ಬಿತು. ಇಲ್ಲಿ ಮಹಾಳಿ ಎಂದೂ ಕರೆಯುವ ಈ ರೋಗಕ್ಕೆ ಕಾರಣ ಫೈಟಾಫ್ತೊರಾ ಎಂಬ ಶಿಲೀಂಧ್ರಸದೃಶ ಜೀವಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ ಬೆರೆಸಿದ ಶೇಕಡ 1ರ ದ್ರಾವಣವನ್ನು ಮಳೆಗಾಲದ ಹೊಸ್ತಿಲಲ್ಲಿ ಒಮ್ಮೆ, 40ರಿಂದ 45 ದಿನ ಬಿಟ್ಟು ಮತ್ತೊಮ್ಮೆ ಗೊನೆಗೆ ಬಿಡುವುದು ಕ್ರಮ. ಮಳೆ ಜಾಸ್ತಿಯಾದ ವರ್ಷ ಮೂರನೆಯ ಬಾರಿಯೂ ಉಂಟು. ಮದ್ದು ಬಿಡುವುದು ಎಂದರೆ ತೋಟದ ಮಂದಿಗೆ ಇದೇ.

ಮೈಲುತುತ್ತಿನ ತೂಕದಲ್ಲಿ ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಡ್ರಮ್‌ ದ್ರಾವಣದಲ್ಲಿ ಸುಮಾರು 500 ಗ್ರಾಂ ತಾಮ್ರವಿರುತ್ತದೆ. ನೀರಿನಲ್ಲಿ ಕರಗಿದ ತಾಮ್ರದ ಅಯಾನು ಮೀನಿನ ಕಿವಿರಿಗೆ ಅಂಟಿಕೊಂಡು, ಸೋಡಿಯಮ್ಮನ್ನು ಒಳಗೆಳೆದುಕೊಳ್ಳುವ ಕಿಣ್ವವನ್ನು ತಡೆಯುತ್ತದೆ. ಮೀನು ಉಪ್ಪು ಕಳೆದುಕೊಂಡು ಸಾಯುತ್ತದೆ. ನೀರಿನಲ್ಲಿ ಕ್ಯಾಲ್ಸಿಯಂ ಹೆಚ್ಚಿದ್ದರೆ ಅದು ಕಿವಿರಿನ ಅದೇ ತಾಣಗಳಿಗೆ ಪೈಪೋಟಿ ನಡೆಸಿ ತಾಮ್ರವನ್ನು ಹೊರಗಿಡುತ್ತದೆ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1980ರ ದಶಕದಲ್ಲಿ ನಿಗದಿಪಡಿಸಿದ ಅಲ್ಪಾವಧಿ ಮಿತಿ ಇದನ್ನು ಅಂಕಿಗಳಲ್ಲೇ ತೋರಿಸುತ್ತದೆ: ಗಡಸುತನ 200 ಮಿಲಿಗ್ರಾಂ ಇರುವ ನೀರಿನಲ್ಲಿ ಲೀಟರಿಗೆ 34 ಮೈಕ್ರೋಗ್ರಾಂ ತಾಮ್ರ, 50 ಮಿಲಿಗ್ರಾಂ ಇರುವಲ್ಲಿ 9.2 ಮೈಕ್ರೋಗ್ರಾಂ. ಮುರಕಲ್ಲಿನ ತೋಡಿನ ನೀರು 50ಕ್ಕಿಂತಲೂ ಮೃದುವಾಗಿರಬಹುದು. ಒಂದು ಡ್ರಮ್ಮಿನ ತಾಮ್ರವನ್ನು 9.2 ಮೈಕ್ರೋಗ್ರಾಂಗೆ ಇಳಿಸಲು ಸುಮಾರು 5.4 ಕೋಟಿ ಲೀಟರ್ ನೀರು ಬೇಕು. ಕುಡಿಯುವ ನೀರಿನ ಭಾರತೀಯ ಮಾನಕವಾದ ಐಎಸ್ 10500 ತಾಮ್ರಕ್ಕೆ ಒಪ್ಪುವ ಮಿತಿ ಲೀಟರಿಗೆ 50 ಮೈಕ್ರೋಗ್ರಾಂ, ಅನ್ಯ ಮೂಲವಿಲ್ಲದಾಗ 1,500 ಮೈಕ್ರೋಗ್ರಾಂ. ಎಂದರೆ, ಮನುಷ್ಯ ನಿಶ್ಚಿಂತೆಯಿಂದ ಕುಡಿಯಬಹುದಾದ ನೀರಿನಲ್ಲಿ ಮೃದುಜಲದ ಮೀನುಮರಿ ಬದುಕದಿರಬಹುದು. ಬಾವಿ ನೀರಿನ ಪರೀಕ್ಷಾ ವರದಿ ಚೆನ್ನಾಗಿದೆ ಎಂಬುದು ಹೊಳೆಯ ಆರೋಗ್ಯಕ್ಕೆ ಪ್ರಮಾಣಪತ್ರವಲ್ಲ.

ಈ ಲೆಕ್ಕಕ್ಕೆ ಗಂಭೀರವಾದ ಆಕ್ಷೇಪವೊಂದಿದೆ. ಬೋರ್ಡೋ ದ್ರಾವಣದಲ್ಲಿ ತಾಮ್ರ ಕರಗಿದ ಅಯಾನಿನ ರೂಪದಲ್ಲಿರುವುದು ಅತ್ಯಲ್ಪ. ಸುಣ್ಣದೊಡನೆ ಸೇರಿ ಗಸಿಯಾಗಿ, ಅಡಿಕೆಯ ಮೈಗೆ ಅಂಟಿ, ಉದುರಿದ ಪಾಲು ತೋಟದ ಮಣ್ಣಿನ ಸಾವಯವ ಅಂಶದೊಂದಿಗೆ ಬಿಗಿದುಕೊಳ್ಳುತ್ತದೆ. ಮಳೆಗಾಲದ ತೋಡಿನಲ್ಲಿ ಕೊಳೆತೆಲೆಯ ರಸ, ಜೇಡಿ ಧಾರಾಳ. ಅವೂ ತಾಮ್ರವನ್ನು ಹಿಡಿದಿಟ್ಟು ವಿಷವನ್ನು ತಗ್ಗಿಸುತ್ತವೆ. ಆಕ್ಷೇಪ ಸರಿ, 5.4 ಕೋಟಿ ಲೀಟರ್ ಎಂಬುದನ್ನು ಗರಿಷ್ಠ ಅಂದಾಜು ಎಂದೇ ಓದಬೇಕು. ಆದರೆ ಇದೇ ಆಕ್ಷೇಪ ಮೂಲ ವಾದವನ್ನು ಗಟ್ಟಿಮಾಡುತ್ತದೆ: ಗಡಸುತನ, ಆಮ್ಲತೆ, ಸಾವಯವ ಅಂಶಗಳನ್ನು ಕೂಡಿಸಿಕೊಂಡು ಮಿತಿ ಲೆಕ್ಕಹಾಕುವ ವಿಧಾನಕ್ಕೆ ಅಮೆರಿಕವೇ 2007ರಲ್ಲಿ ಹೊರಳಿತು. ಅಲ್ಲದೆ ಮಣ್ಣಿಗೆ ಬಿಗಿದ ತಾಮ್ರ ಕೊಳೆತು ಮಾಯವಾಗುವ ವಸ್ತುವಲ್ಲ, ಅದು ಮೂಲಧಾತು. ಪ್ರತಿ ಮಳೆಗಾಲದಲ್ಲೂ ಅದೇ ನೆಲಕ್ಕೆ ಸೇರುತ್ತ ಹೋಗುತ್ತದೆ, ಮಣ್ಣು ಕೊಚ್ಚಿದಾಗ ಅದರೊಂದಿಗೆ ತೋಡಿನ ತಳಕ್ಕೆ ಇಳಿಯುತ್ತದೆ. ಮೈಲುತುತ್ತು ಹಳೆಯದು, ಖನಿಜಮೂಲದ್ದು, ಸಾವಯವ ಕೃಷಿಯಲ್ಲೂ ಒಪ್ಪಿತವಾದದ್ದು, ಆದ್ದರಿಂದ ನಿರಪಾಯಕಾರಿ ಎಂಬ ನಂಬಿಕೆ ಇಲ್ಲಿ ನಿಲ್ಲದು. ಸಾವಯವ ಕೃಷಿಗೆ ಅದನ್ನು ಒಪ್ಪುವ ಐರೋಪ್ಯ ಒಕ್ಕೂಟವೇ 2018ರಲ್ಲಿ ತಾಮ್ರದ ಬಳಕೆಯನ್ನು 7 ವರ್ಷಗಳಿಗೆ ಹೆಕ್ಟೇರಿಗೆ 28 ಕಿಲೋಗೆ ಕಟ್ಟಿಹಾಕಿತು. ಕೊಳೆರೋಗ ಬಿದ್ದರೆ ವರ್ಷದ ಫಸಲೇ ಹೋಗುತ್ತದೆ ಎಂಬುದೂ ಅಷ್ಟೇ ನಿಜ. ಬಿಡುವುದೇ ಬೇಡ ಎಂದು ಯಾವ ಪುರಾವೆಯೂ ಹೇಳುವುದಿಲ್ಲ. ಡ್ರಮ್ ತೊಳೆದ ನೀರನ್ನು ತೋಡಿಗೆ ಚೆಲ್ಲಬಾರದು, ದ್ರಾವಣವನ್ನು ತೋಡಿನ ದಂಡೆಯಲ್ಲಿ ಕಲಸಬಾರದು, ಮಳೆ ಹನಿಯುತ್ತಿರುವಾಗ ಬಿಡಬಾರದು ಎಂಬಷ್ಟನ್ನು ಪುರಾವೆ ಖಚಿತವಾಗಿ ಹೇಳುತ್ತದೆ.

ಎಂಡೋಸಲ್ಫಾನ್

ಎಂಡೋಸಲ್ಫಾನ್ ಜರ್ಮನಿಯ ಹೋಕ್ಸ್ಟ್ ಕಂಪನಿ 1950ರ ದಶಕದಲ್ಲಿ ಮಾರುಕಟ್ಟೆಗೆ ತಂದ ಆರ್ಗನೊಕ್ಲೋರಿನ್ ಕೀಟನಾಶಕ. ಆಲ್ಫಾ, ಬೀಟಾ ಎಂಬ ಎರಡು ರೂಪಗಳು ಸುಮಾರು 7:3ರ ಪ್ರಮಾಣದಲ್ಲಿ ಇರುತ್ತವೆ. ಇದು ನರಗಳಲ್ಲಿ ಕ್ಲೋರೈಡ್ ಒಳಬರುವ ಬಾಗಿಲನ್ನು ಮುಚ್ಚಿ ಸೆಳವು ಬರಿಸುತ್ತದೆ. ಗೇರಿನ ಚಿಗುರು, ಹೂ ಹೀರುವ ಟೀ ಸೊಳ್ಳೆಯನ್ನು ಹತ್ತಿಕ್ಕಲು ಕೇರಳ ಪ್ಲಾಂಟೇಶನ್ ನಿಗಮ ಕಾಸರಗೋಡಿನ ತನ್ನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಇದನ್ನು ಸಿಂಪಡಿಸಿತು. ದಕ್ಷಿಣ ಕನ್ನಡದಲ್ಲಿ ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಟಗಳಲ್ಲೂ ಸುಮಾರು ಇದೇ ಕಾಲದಲ್ಲಿ ಸಿಂಪಡಣೆ ನಡೆಯಿತು. ಬೆಳ್ತಂಗಡಿ ತಾಲ್ಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆ ಇದರ ಸಂತ್ರಸ್ತ ಗ್ರಾಮಗಳೆಂದು ಗುರುತಾಗಿವೆ. ಮನುಷ್ಯರ ಮೇಲಾದ ಪರಿಣಾಮ ದೊಡ್ಡ ಚರ್ಚೆಯಾದ ಗದ್ದಲದಲ್ಲಿ ನೀರಿನ ಜೀವಿಗಳ ಮಾತು ಹಿಂದೆ ಸರಿಯಿತು. ಆದರೆ ಮೀನಿನ ವಿಷಯದಲ್ಲಿ ವಿವಾದಕ್ಕೆ ಆಸ್ಪದವೇ ಇರಲಿಲ್ಲ. ರೇನ್‌ಬೋ ಟ್ರೌಟ್ ಮೀನಿಗೆ ಇದರ 96 ಗಂಟೆಗಳ ಅರ್ಧಮಾರಕ ಸಾಂದ್ರತೆ ಲೀಟರಿಗೆ 1 ಮೈಕ್ರೋಗ್ರಾಂ ಆಸುಪಾಸು. ಅಷ್ಟು ತೀಕ್ಷ್ಣವಾದ ವಸ್ತುವನ್ನು ಆಕಾಶದಿಂದ ಬಿಟ್ಟಾಗ ಕೆಳಗಿನ ಕೆರೆ, ಪಳ್ಳ, ತೋಡುಗಳನ್ನು ತಪ್ಪಿಸುವುದು ಸಾಧ್ಯವಿರಲಿಲ್ಲ.

ಇಲ್ಲಿಯೂ ನೀರಿನ ಗುಣವೇ ನಿರ್ಣಾಯಕ. ಎಂಡೋಸಲ್ಫಾನ್ ಕ್ಷಾರ ನೀರಿನಲ್ಲಿ ಬೇಗ ಒಡೆಯುತ್ತದೆ. ಪಿಎಚ್ 9ರಲ್ಲಿ ಅರ್ಧ ಒಡೆಯಲು ಒಂದು ದಿನವೂ ಬೇಡ. ಪಿಎಚ್ 7ರಲ್ಲಿ ವಾರಗಳು, ಪಿಎಚ್ 5ರಲ್ಲಿ ತಿಂಗಳುಗಳು ಬೇಕು. ಬೇಗ ನಶಿಸುತ್ತದೆ ಎಂದು ಬೇರೆಡೆಯ ಅಧ್ಯಯನ ತೋರಿಸಿ ವಾದಿಸಿದವರು ತಪ್ಪು ಹೇಳಿರಲಿಲ್ಲ. ಆ ಮಾತು ಹುಳಿನೀರಿನ ನಾಡಿಗೆ ಹೊಂದುತ್ತಿರಲಿಲ್ಲ, ಅಷ್ಟೆ. ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ಎಂಡೋಸಲ್ಫಾನ್ ಸಲ್ಫೇಟ್ ಆಗಿ ಮಾರ್ಪಡಿಸುತ್ತವೆ. ಅದು ಮೂಲವಸ್ತುವಿಗಿಂತ ದೀರ್ಘಾಯು, ವಿಷದಲ್ಲಿ ಹೆಚ್ಚೇನೂ ಕಡಿಮೆಯಲ್ಲ. ಮೂಲವಸ್ತುವನ್ನು ಮಾತ್ರ ಹುಡುಕುವ ಪರೀಕ್ಷೆ ಅದನ್ನು ಕಾಣದೆ ಹೋಗುತ್ತದೆ. ಕಾಸರಗೋಡಿನ ಪಡ್ರೆ ಗ್ರಾಮದ ಮಾದರಿಗಳ ಕುರಿತು 2001ರಲ್ಲಿ ಎದ್ದ ತಕರಾರನ್ನು ಈ ಬೆಳಕಿನಲ್ಲಿ ಓದಬೇಕು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಉಳಿಕೆ ಇದೆ ಎಂದಿತು. ಕೇರಳ ಪ್ಲಾಂಟೇಶನ್ ನಿಗಮದ ಕಡೆಯಿಂದ ನಡೆದ ಪರೀಕ್ಷೆ ಇಲ್ಲ ಎಂದಿತು. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ, ಸಿಂಪಡಣೆ ನಿಂತು ತಿಂಗಳುಗಳಾದ ಮೇಲೆ ತೆಗೆದ ಮಾದರಿಗಳಲ್ಲೂ ಉಳಿಕೆಯನ್ನು ಗುರುತಿಸಿತು. ಮಾದರಿ ಎಲ್ಲಿಂದ, ಯಾವ ತಿಂಗಳು, ನೀರಿನಿಂದಲೋ ಕೆಸರಿನಿಂದಲೋ, ಯಾವ ರೂಪವನ್ನು ಹುಡುಕಿದರು ಎಂಬ ಪ್ರಶ್ನೆಗಳಿಲ್ಲದೆ ಇದೆ, ಇಲ್ಲ ಎಂಬ ಉತ್ತರಗಳಿಗೆ ಬೆಲೆಯಿಲ್ಲ. ಕರ್ನಾಟಕ 2011ರ ಫೆಬ್ರವರಿಯಲ್ಲಿ ಇದರ ಬಳಕೆಯನ್ನು ನಿಲ್ಲಿಸಿತು. ಏಪ್ರಿಲಿನಲ್ಲಿ, ಪರಿಸರದಲ್ಲಿ ದೀರ್ಘಕಾಲ ಉಳಿಯುವ ವಿಷಗಳನ್ನು ನಿರ್ಬಂಧಿಸುವ ಸ್ಟಾಕ್‌ಹೋಮ್ ಒಪ್ಪಂದದ ಪಟ್ಟಿಗೆ ಅದು ಸೇರಿತು, ಮೇ 13ರಂದು ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆಯಾಜ್ಞೆ ನೀಡಿತು.

ಇತರ ವರ್ಗಗಳು, ನಗರದ ಬಳಕೆ

ಆರ್ಗನೊಕ್ಲೋರಿನ್‌ಗಳ ಜಾಗಕ್ಕೆ ಬಂದ ಆರ್ಗನೊಫಾಸ್ಫೇಟ್‌ಗಳು (ಮಲಾಥಿಯಾನ್, ಕ್ಲೋರ್‌ಪೈರಿಫಾಸ್, ಮೊನೊಕ್ರೊಟೊಫಾಸ್) ಮತ್ತು ಕಾರ್ಬಮೇಟ್‌ಗಳು ನರಸಂದೇಶವನ್ನು ನಿಲ್ಲಿಸುವ ಅಸಿಟೈಲ್‌ಕೋಲಿನ್‌ಎಸ್ಟರೇಸ್ ಕಿಣ್ವವನ್ನು ತಡೆಯುತ್ತವೆ. ಇವು ಅಲ್ಪಾಯು ಎಂಬ ಹೆಸರಿದ್ದರೂ ಮಲಾಥಿಯಾನ್ ಸಹ ಹುಳಿನೀರಿನಲ್ಲಿ ನಿಧಾನವಾಗಿಯೇ ಒಡೆಯುತ್ತದೆ. ಪೈರೆಥ್ರಾಯ್ಡ್‌ಗಳು (ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್) ಸಸ್ತನಿಗಳಿಗೆ ಸೌಮ್ಯ, ಮೀನಿಗೆ ಮಾರಕ; ಅವನ್ನು ಒಡೆಯುವ ಕಿಣ್ವಬಲ ಮೀನಿನಲ್ಲಿ ಕಡಿಮೆ. ಸಿಗಡಿ, ಏಡಿಗಳಿಗೆ ಇನ್ನೂ ಕಠಿಣ. ಅವು ಕೀಟಗಳಂತೆಯೇ ಸಂಧಿಪದಿಗಳಲ್ಲವೇ. ಮಾನವ ಮಾನಕಕ್ಕೂ ಜಲಜೀವಿಯ ಅಗತ್ಯಕ್ಕೂ ಇರುವ ಅಂತರ ಕ್ಲೋರ್‌ಪೈರಿಫಾಸ್‌ನಲ್ಲಿ ಎದ್ದು ಕಾಣುತ್ತದೆ: ಐಎಸ್ 10500 ಕುಡಿಯುವ ನೀರಿನಲ್ಲಿ ಲೀಟರಿಗೆ 30 ಮೈಕ್ರೋಗ್ರಾಂವರೆಗೆ ಒಪ್ಪುತ್ತದೆ, ಸಿಹಿನೀರಿನ ಜೀವಿಗಳಿಗೆ ಅಮೆರಿಕ ಇಟ್ಟ ಅಲ್ಪಾವಧಿ ಮಿತಿ 0.083.

ಮಂಗಳೂರು ನಗರದಲ್ಲಿ ವಿಷ ನೀರಿಗೆ ಬೀಳುವುದು ತೋಟದಿಂದಲ್ಲ, ಮಲೇರಿಯಾ ನಿಯಂತ್ರಣದಿಂದ. ಕಟ್ಟಡ ಕಾಮಗಾರಿಯ ನೀರು, ತಾರಸಿ ತೊಟ್ಟಿ, ಹಳೆಯ ಬಾವಿಗಳಲ್ಲಿ ಹುಟ್ಟುವ ಅನಾಫಿಲಿಸ್ ಸೊಳ್ಳೆಗೆ ಫಾಗಿಂಗ್ ಮಾಡುವುದು, ಮರಿಗಳಿಗೆ ಟೆಮೆಫಾಸ್ ಹಾಕುವುದು, ಬಾವಿಗೆ ಗಪ್ಪಿ, ಗಂಬೂಸಿಯ ಮೀನು ಬಿಡುವುದು ನಡೆದುಬಂದ ಕ್ರಮಗಳು. ವಿಶ್ವ ಆರೋಗ್ಯ ಸಂಸ್ಥೆ ಕುಡಿಯುವ ನೀರಿಗೂ ಲೀಟರಿಗೆ 1 ಮಿಲಿಗ್ರಾಂ ಮೀರದಂತೆ ಟೆಮೆಫಾಸ್ ಒಪ್ಪುತ್ತದೆ. ಮೀನು ಸಾಮಾನ್ಯವಾಗಿ ಅದನ್ನು ತಾಳಿಕೊಳ್ಳುತ್ತದೆ. ನೀರುಚಿಗಟದಂಥ ಸೂಕ್ಷ್ಮ ಕವಚಜೀವಿಗಳು ತಾಳಿಕೊಳ್ಳುವುದಿಲ್ಲ, ಗಪ್ಪಿಯ ಆಹಾರದಲ್ಲಿ ಅವೂ ಸೇರಿವೆ. ಒಂದೇ ಬಾವಿಗೆ ಮೀನನ್ನೂ ಮದ್ದನ್ನೂ ಹಾಕಿದರೆ ಒಂದು ಉಪಾಯ ಇನ್ನೊಂದರ ಹೊಟ್ಟೆಗೆ ಹೊಡೆದಂತೆ. ಮಲೇರಿಯಾದ ಮುಂದೆ ಇದು ಸಣ್ಣ ನಷ್ಟ ಎಂಬ ವಾದದಲ್ಲಿ ತೂಕವಿದೆ, ಮುಚ್ಚಿದ ತೊಟ್ಟಿ, ಬಾವಿಗಳ ಮಟ್ಟಿಗೆ. ರಾಜಕಾಲುವೆಯ ಮೂಲಕ ಅಳಿವೆಗೆ ಹರಿಯುವ ನೀರಿಗೆ ಆ ವಾದ ಸಲ್ಲದು.

ಆಕ್ಷೇಪಗಳು

ಮೊದಲನೆಯದು ಮಳೆ: ಇಷ್ಟು ಸುರಿಯುವ ಕಡೆ ಯಾವ ವಿಷ ನಿಂತೀತು? ಜುಲೈ ತಿಂಗಳ ನೇತ್ರಾವತಿಯ ಮಟ್ಟಿಗೆ ಇದು ನಿಜ. ಆದರೆ ಎಂಡೋಸಲ್ಫಾನ್ ಸಿಂಪಡಣೆ ನಡೆದದ್ದು ಗೇರು ಹೂಬಿಡುವ ಒಣ ತಿಂಗಳುಗಳಲ್ಲಿ. ಬೋರ್ಡೋದ ಮೊದಲ ಸರದಿ ಬರುವುದು ತೋಡು ಇನ್ನೂ ಬಡಕಲಾಗಿರುವಾಗ. ಮೇಲಾಗಿ ವಿಷ ಬೀಳುವುದು ನದಿಗೆ ಅಲ್ಲ, ಒಂದೇ ತೋಟದ ನಡುವಿನ ಸಣ್ಣ ತೋಡಿಗೆ. ಹತ್ತುಮೀನು ಏರಿ ಬರುವುದೂ ಅಲ್ಲಿಗೇ. ಸರಾಸರಿ ಮಳೆಯ ಲೆಕ್ಕದಿಂದ ಸ್ಥಳೀಯ ಶಿಖರವನ್ನು ಅಳಿಸಲಾಗದು.

ಎರಡನೆಯದು ಹೆಚ್ಚು ಎಚ್ಚರದಿಂದ ಉತ್ತರಿಸಬೇಕಾದದ್ದು: ಕಂಡ ಕೇಡನ್ನೆಲ್ಲ ಪೀಡೆನಾಶಕದ ತಲೆಗೆ ಕಟ್ಟಲಾಗುತ್ತಿದೆ. ಇದಕ್ಕೆ ಕರ್ನಾಟಕದಲ್ಲೇ ಉದಾಹರಣೆಯಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ, ಕೀಲುಗಳನ್ನು ಕುಗ್ಗಿಸುವ ಕಾಯಿಲೆಗೆ ಗದ್ದೆಯ ಕೀಟನಾಶಕ ಸೇರಿದ ಏಡಿ, ಮೀನು ತಿಂದದ್ದೇ ಕಾರಣವೆಂದು ಆರಂಭದಲ್ಲಿ ಶಂಕಿಸಲಾಗಿತ್ತು. ಮುಂದಿನ ಅಧ್ಯಯನಗಳು ಅದನ್ನು ವಂಶವಾಹಿ ರೋಗವೆಂದು ತೋರಿಸಿದವು. ಮೀನು ಸಾಯುವುದಕ್ಕೂ ಬೇರೆ ಕಾರಣಗಳಿವೆ: ಬೇಸಿಗೆಯ ಮಡುವಿನಲ್ಲಿ ಆಮ್ಲಜನಕದ ಕೊರತೆ, ಚರಂಡಿ ನೀರು, ಕೈಗಾರಿಕಾ ತ್ಯಾಜ್ಯ. ಇವನ್ನು ಬೇರ್ಪಡಿಸಲು ದಾರಿಯಿಲ್ಲದೆ ಇಲ್ಲ. ಆಮ್ಲಜನಕ ಕುಗ್ಗಿದ್ದರೆ ಬೆಳಗಿನ ಜಾವ ಸಾವು ಹೆಚ್ಚು, ಗಾಳಿ ಗುಟುಕಿಸುವ ಜಾತಿಗಳು ಉಳಿಯುತ್ತವೆ; ಆರ್ಗನೊಫಾಸ್ಫೇಟ್ ಆಗಿದ್ದರೆ ಮಿದುಳಿನ ಕಿಣ್ವ ಕುಸಿದಿರುತ್ತದೆ; ಪೈರೆಥ್ರಾಯ್ಡ್ ಆದರೆ ಮೀನಿಗೆ ಮುಂಚೆ ಸಿಗಡಿ ಸಾಯುತ್ತದೆ. ಹಂದಿಗೋಡಿನ ಪಾಠ ಪೀಡೆನಾಶಕವನ್ನು ದೋಷಮುಕ್ತಗೊಳಿಸುವುದಲ್ಲ; ಅಂಗಾಂಶ, ಕೆಸರು, ನೀರು ಮೂರರ ಮಾದರಿಯೂ ಇಲ್ಲದೆ ತೀರ್ಪು ಕೊಡಬಾರದೆಂಬುದು. ನಿರಪರಾಧಿ ಎಂಬ ತೀರ್ಪಿಗೂ ಅದೇ ನಿಯಮ.

ಇಂದಿನ ಸ್ಥಿತಿ

ಕೇಂದ್ರ ಸರ್ಕಾರ 2018ರ ಆಗಸ್ಟಿನಲ್ಲಿ 18 ಪೀಡೆನಾಶಕಗಳನ್ನು ನಿಷೇಧಿಸುವ ಆದೇಶ ಹೊರಡಿಸಿತು; ಫೊರೇಟ್, ಡೈಕ್ಲೋರ್ವಾಸ್, ಟ್ರೈಯಾಜೊಫಾಸ್ ಮೊದಲಾದವು 2020ರ ಕೊನೆಗೆ ನಿಂತವು. 2020ರ ಮೇ ತಿಂಗಳ ಕರಡಿನಲ್ಲಿ ಮಲಾಥಿಯಾನ್, ಕ್ಲೋರ್‌ಪೈರಿಫಾಸ್ ಸೇರಿ 27 ಹೆಸರುಗಳಿದ್ದವು. ಕ್ಲೋರ್‌ಪೈರಿಫಾಸ್ 2025ರಲ್ಲಿ, ಕೆಲವು ವಿನಾಯಿತಿಗಳೊಂದಿಗೆ, ಸ್ಟಾಕ್‌ಹೋಮ್ ಪಟ್ಟಿಗೆ ಸೇರಿದೆ. ನಿಷೇಧದಿಂದ ಸಮಸ್ಯೆ ಮುಗಿಯಿತು ಎನ್ನುವಂತಿಲ್ಲ. ಒಂದು ವಸ್ತು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ. ಅಡಿಕೆಯಲ್ಲಿ ಎಲೆಚುಕ್ಕಿ ರೋಗ ಹಬ್ಬಿದ ಮೇಲೆ ಪ್ರೊಪಿಕೊನಜೋಲ್, ಟೆಬುಕೊನಜೋಲ್‌ನಂಥ ಶಿಲೀಂಧ್ರನಾಶಕಗಳು ಮೈಲುತುತ್ತಿನ ಜೊತೆಜೊತೆಗೇ ಅದೇ ತೋಟಗಳಿಗೆ ಬಂದಿವೆ. ತೋಡಿನ ಮೀನಿಗೆ ಈಗ ಸಿಗುವುದು ಒಂದು ವಿಷವಲ್ಲ, ಮಿಶ್ರಣ. ಒಂದೊಂದು ವಸ್ತುವನ್ನು ಬಿಡಿಯಾಗಿ ಪರೀಕ್ಷಿಸಿದ ಅರ್ಧಮಾರಕ ಸಾಂದ್ರತೆಗಳು ಅದಕ್ಕೆ ಉತ್ತರ ಕೊಡಲಾರವು.

ದೀರ್ಘಕಾಲದ ನಿಗಾಕ್ಕೆ ಈ ಸೀಮೆಯಲ್ಲಿ ಒಳ್ಳೆಯ ಸಾಧನವೊಂದು ಕೈಗೆಟಕುವಂತಿದೆ. ಅಳಿವೆಯ ಮರುವಾಯಿ ಒಂದೇ ಕಡೆ ನೆಲೆಸಿ ನೀರನ್ನು ಸೋಸಿ ತಿನ್ನುವುದರಿಂದ ತಿಂಗಳುಗಳ ವಿಷವನ್ನು ಮೈಯಲ್ಲಿ ಕೂಡಿಡುತ್ತದೆ. ಇಂಥ ಚಿಪ್ಪುಜೀವಿಗಳನ್ನು ಕಡಲತೀರದ ಕಾವಲಿಗೆ ಬಳಸುವ ಯೋಜನೆಯನ್ನು ಎಡ್ವರ್ಡ್ ಗೋಲ್ಡ್‌ಬರ್ಗ್ 1975ರಲ್ಲೇ ಮುಂದಿಟ್ಟಿದ್ದರು. ನೀರಿನ ಒಂದು ಬಾಟಲಿ ಹೇಳಲಾರದ್ದನ್ನು ಅದು ಹೇಳಬಲ್ಲದು. ಆದರೆ ಆಡಳಿತದ ಅಳತೆಗೋಲು ಬೇರೆಯೇ ಇದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ನದಿನೀರನ್ನು ಬಳಕೆಯ ಪ್ರಕಾರ ವಿಂಗಡಿಸುವಾಗ ವನ್ಯಜೀವಿ ಮತ್ತು ಮೀನುಗಾರಿಕೆಗೆ ಯೋಗ್ಯವಾದ ‘ಡಿ’ ವರ್ಗಕ್ಕೆ ಇಟ್ಟಿರುವ ಕಟ್ಟಳೆಗಳು ಮೂರು: ಪಿಎಚ್ 6.5ರಿಂದ 8.5, ಕರಗಿದ ಆಮ್ಲಜನಕ ಲೀಟರಿಗೆ 4 ಮಿಲಿಗ್ರಾಂಗೆ ಕಡಿಮೆಯಿಲ್ಲ, ಮುಕ್ತ ಅಮೋನಿಯ 1.2 ಮಿಲಿಗ್ರಾಂ ಮೀರುವಂತಿಲ್ಲ. ತಾಮ್ರವಾಗಲಿ ಬೇರೆ ಯಾವುದೇ ಪೀಡೆನಾಶಕವಾಗಲಿ ಈ ಪಟ್ಟಿಯಲ್ಲಿಲ್ಲ. ಗಡಸುತನವೂ ಇಲ್ಲ.